ದಾರಿ ಹೇಳುವ ಡಬ್ಬಿ ಬೇಡ ಮಾರಾಯ್ರೇ

ಇಲ್ಲಿ ಏನಾದರೂ ಬರೆದು ಬಹಳ ದಿನವಾಗಿತ್ತು. ಈಗಲೂ ಬರೆಯುತ್ತಿರಲಿಲ್ಲವೇನೋ. ಆದರೆ ಮೊನ್ನೆ ಮೊನ್ನೆ ನಮ್ಮ ಮನೆಯಲ್ಲಿ ನಡೆದ ಒಂದು ಜಗಳ ಇನ್ನೂ ತಲೆಯಿಂದ ಇಳಿದಿಲ್ಲ. ಅದನ್ನು ಇಲ್ಲಿ ಕುಟ್ಟಿಬಿಟ್ಟರೆ ನನಗೆ ಸಮಾಧಾನ, ನಿಮಗೆ ಉಪಯೋಗ. (ಸಮಾಧಾನ ಖಾತ್ರಿ, ಉಪಯೋಗ ಮಾತ್ರ ನಿಮ್ಮ ಹಣೆಬರಹ :-))

ವಿಷಯ ಇಷ್ಟು. ಅಪ್ಪನಿಗೆ ಎಪ್ಪತ್ತು. ಭೀಮರಥ ಶಾಂತಿ ಮಾಡಿಸುವುದೆಂದು ತೀರ್ಮಾನವಾಯಿತು. ನಾವು ಮೂವರು ಮಕ್ಕಳು ತಲಾ ಎರಡು ಸಾವಿರ ಹಾಕಿ ಏನಾದರೂ ಕೊಡಿಸೋಣ ಅಂತ ಮಾತಾಯಿತು. ಒಟ್ಟು ಆರು ಸಾವಿರ. ಪಂಚೆ ಶಲ್ಯ ಬೇಡ, ಅವು ಟ್ರಂಕಿನಲ್ಲಿ ರಾಶಿ ಬಿದ್ದಿವೆ. ವಾಚೂ ಬೇಡ, ಈಗಾಗಲೇ ಮೂರಿವೆ. ಆಗ ಇಂಗ್ಲೆಂಡಿನಲ್ಲಿರುವ ತಮ್ಮ ಫೋನಿನಲ್ಲಿ ಹೇಳಿದ, "ಅಕ್ಕಾ, ಅಪ್ಪನ ಕಾರಿಗೆ ಒಂದು ಸ್ಯಾಟ್‌ನ್ಯಾವ್ ಕೊಡಿಸೋಣ. ಅವರಿಗೀಗ ನಿಜಕ್ಕೂ ಬೇಕಾಗಿರೋದು ಅದೇ."

ಬೇಕಾಗಿದ್ದದ್ದು ನಿಜ. ಅಪ್ಪ ಕೊಪ್ಪದ ಕಡೆಯವರು, ನಲವತ್ತು ವರ್ಷದಿಂದ ಗಾಡಿ ಓಡಿಸುತ್ತಿರುವವರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಯಾವುದರಲ್ಲಿ ಬಸ್ಸಿಗೆ ಎಲ್ಲಿ ಸೈಡು ಕೊಡಬೇಕು ಅನ್ನುವುದು ಅವರಿಗೆ ಬಾಯಿಪಾಠ. ಆದರೆ ಅಮ್ಮನ ಕಣ್ಣಿನ ತಪಾಸಣೆಗೆ ಮೂರು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ಕಳೆದ ಸಲ ವಾಪಸ್ ಬರುವಾಗ ಮುಸ್ಸಂಜೆ, ಮೇಲಿಂದ ಮಳೆ. ಹಿರಿಯಡಕದ ಹತ್ತಿರ ತಿರುವು ತಪ್ಪಿ ಕಾರ್ಕಳದ ದಾರಿ ಹಿಡಿದುಬಿಟ್ಟರು. ಬಹಳ ದೂರ ಹೋದ ಮೇಲೆ ಯಾರನ್ನೋ ಕೇಳಿ, ತಿರುಗಿಸಿ, ಹೆಬ್ರಿ ಸೇರಿ, ಘಾಟಿ ಹತ್ತಿ ಮನೆ ಮುಟ್ಟುವಾಗ ರಾತ್ರಿ ಹತ್ತೂವರೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಪ್ಪನ ಧೈರ್ಯಕ್ಕೆ ಏನೋ ಆಯಿತು. ಮುಂದಿನ ತಪಾಸಣೆಗೆ "ಬಾಡಿಗೆ ಕಾರು ಸಿಗ್ಲಿಲ್ಲ" ಅಂತ ಹೋಗಲೇ ಇಲ್ಲ. ಅಮ್ಮನೂ "ಕಣ್ಣು ಚೆನ್ನಾಗೇ ಕಾಣ್ತದೆ, ಎಂತಕ್ಕೆ ಸುಮ್ನೆ" ಅಂದರು. ಇಬ್ಬರೂ ಸುಳ್ಳು ಹೇಳುತ್ತಿದ್ದಾರೆ ಅಂತ ಮೂವರಿಗೂ ಗೊತ್ತಾಯಿತು.

ಹಾಗಾಗಿ ಉಡುಗೊರೆಯ ಉದ್ದೇಶದ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ತಕರಾರು ಇರುವುದು ಆ ಡಬ್ಬಿಯ ಬಗ್ಗೆ. ಅಷ್ಟೇ ತಕರಾರು ತಂಗಿ ಹೇಳಿದ ಮಾತಿನ ಬಗ್ಗೆಯೂ ಇದೆ. ಅವಳು ಅಂದಳು, "ಅದೆಲ್ಲ ಎಂತಕ್ಕೆ ಅಕ್ಕ, ಅಪ್ಪನ ಹತ್ರ ಫೋನ್ ಇದೆಯಲ್ಲ, ಅದ್ರಲ್ಲೇ ಮ್ಯಾಪ್ ನೋಡ್ಲಿ."

ಇಬ್ಬರೂ ತಪ್ಪು. ಡಬ್ಬಿ ಕೊಟ್ಟು ಕೈ ತೊಳೆದುಕೊಳ್ಳುವುದೂ ತಪ್ಪು, ಫೋನಿದೆಯಲ್ಲ ಅಂತ ಕೈ ಎತ್ತುವುದೂ ತಪ್ಪು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಡಬ್ಬಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. 2000ನೇ ಇಸವಿಯ ಮೇ ಆರಂಭದ ತನಕ ಅಮೆರಿಕದವರು ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿದ್ದರು. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ನೂರು ಮೀಟರು ತಪ್ಪಿದರೆ ಹಡಗಿಗೆ ಪರವಾಗಿಲ್ಲ, ಪೇಟೆಯಲ್ಲಿ ಓಡುವ ಕಾರಿಗೆ ಪಕ್ಕದ ಬೀದಿಯೇ ಬೇರೆ. ಕ್ಲಿಂಟನ್ ಸರಕಾರ ಆ ಕೆಡಿಸುವ ಕೆಲಸ ನಿಲ್ಲಿಸಿದ ಮೇಲೆ ಕಾರಿನ ಗಾಜಿಗೆ ಅಂಟಿಸುವ ಡಬ್ಬಿಗಳ ಕಾಲ ಬಂತು. ಟಾಮ್‌ಟಾಮ್‌ನ 'ಗೋ' ಬಂದದ್ದು 2004ರಲ್ಲಿ. ಗಾರ್ಮಿನ್ ಅದಕ್ಕಿಂತ ಹಳೆಯ ಕಂಪನಿ, 1989ರದ್ದು. ಗ್ಯಾರಿ ಬರೆಲ್ ಮತ್ತು ಮಿನ್ ಕಾವ್ ಅನ್ನುವ ಇಬ್ಬರು ತಮ್ಮ ಹೆಸರಿನ ತುಂಡುಗಳನ್ನು ಜೋಡಿಸಿ ಇಟ್ಟ ಹೆಸರದು. ನಮ್ಮಲ್ಲಿ ಮ್ಯಾಪ್‌ಮೈಇಂಡಿಯಾದವರೂ ಕಾರಿಗೆಂದು ಡಬ್ಬಿ ಮಾರಿದರು. ಫೋನಿನಲ್ಲಿ ಹಾವಿನಾಟ ಆಡುತ್ತಿದ್ದ ಆ ಕಾಲಕ್ಕೆ ಅದು ನಿಜಕ್ಕೂ ದೊಡ್ಡ ವಸ್ತು. ಹುಟ್ಟುಹಬ್ಬಕ್ಕೆ ಕೊಟ್ಟರೆ ತೆಗೆದುಕೊಂಡವರ ಕಣ್ಣು ಅರಳುತ್ತಿತ್ತು.

2009ರ ಅಕ್ಟೋಬರಿನಲ್ಲಿ ಗೂಗಲ್‌ನವರು ಫೋನಿನಲ್ಲೇ ದಾರಿ ಹೇಳುವ ಸೌಲಭ್ಯವನ್ನು ಅಮೆರಿಕದಲ್ಲಿ ಬಿಟ್ಟಿಯಾಗಿ ಕೊಡುತ್ತೇವೆ ಅಂದರು. ಸುದ್ದಿ ಬಂದ ದಿನವೇ ಗಾರ್ಮಿನ್, ಟಾಮ್‌ಟಾಮ್ ಎರಡರ ಷೇರುಗಳೂ ದೊಪ್ಪನೆ ಬಿದ್ದವು. ಷೇರು ಪೇಟೆಗೆ ಅವತ್ತೇ ಅರ್ಥವಾದದ್ದು, ಉಡುಗೊರೆ ಹುಡುಕುವ ನಮ್ಮಂಥವರಿಗೆ ಇಷ್ಟು ವರ್ಷವಾದರೂ ಅರ್ಥವಾಗಿಲ್ಲ.

ಈಗಲೂ ಒಳ್ಳೆಯ ಡಬ್ಬಿ ಇಲ್ಲವೆಂದಲ್ಲ. ತಮ್ಮನ ಊರಿನಲ್ಲಿ ಸಿಗುತ್ತದೆ. ಅವನೇ ಒಂದನ್ನು ಇಟ್ಟುಕೊಂಡಿದ್ದಾನೆ, ಅವನಿಗೆ ಅದು ಚೆನ್ನಾಗಿಯೇ ಇದೆ. ಆದರೆ ಅದರೊಳಗಿರುವುದು ಯುರೋಪಿನ ಮ್ಯಾಪು. ಅದನ್ನು ತಂದು ಕೊಪ್ಪದಲ್ಲಿ ಕೂರಿಸಿದರೆ ಅದಕ್ಕೆ ಭೂಮಿಯೇ ಖಾಲಿ. "ಇಂಡಿಯಾ ಮ್ಯಾಪ್ ಬೇರೆ ಕೊಂಡು ಹಾಕಿದ್ರಾಯ್ತು" ಅಂದ. ಹಾಕಬಹುದು, ಆ ಮಾದರಿಗೆ ಸಿಗುವುದಾದರೆ. ಆದರೆ ಅದಕ್ಕೆ ಬೇರೆ ದುಡ್ಡು. ಆರು ಸಾವಿರದ ಲೆಕ್ಕ ಅಲ್ಲಿಗೇ ಮುಗಿಯಿತು.

ಇನ್ನು ಆರು ಸಾವಿರದೊಳಗೆ ಆನ್‌ಲೈನಿನಲ್ಲಿ ಸಿಗುವ ಹೆಸರಿಲ್ಲದ ಏಳಿಂಚಿನ ಡಬ್ಬಿಗಳು. ದೊಡ್ಡ ಪರದೆ, ಅದರಲ್ಲಿ ಹೊಳೆಯುವ ಹೆದ್ದಾರಿಯ ಚಿತ್ರ, ಪಕ್ಕದಲ್ಲಿ 'ಜೀವಮಾನ ಪೂರ್ತಿ ಮ್ಯಾಪ್ ಉಚಿತ' ಅನ್ನುವ ಚೀಟಿ. ಯಾರ ಜೀವಮಾನ ಸ್ವಾಮಿ? ಅಪ್ಪನದಲ್ಲ, ಕಾರಿನದೂ ಅಲ್ಲ. ಡಬ್ಬಿಯ ಜೀವಮಾನ. ಅದು ಯಾವಾಗ ಸಾಯಬೇಕು ಅನ್ನುವುದನ್ನು ನಿರ್ಧರಿಸುವವರು ಮಾರಿದವರು. ಹೆಸರಿಲ್ಲದವರ ಮಾತು ಬಿಡಿ, 2018ರಲ್ಲಿ ಟಾಮ್‌ಟಾಮ್‌ನವರೇ ತಮ್ಮ ಕೆಲವು ಹಳೆಯ ಮಾದರಿಗಳಿಗೆ ಇನ್ನು ಹೊಸ ಮ್ಯಾಪ್ ಇಲ್ಲ ಅಂದುಬಿಟ್ಟರು. ಅವುಗಳಲ್ಲಿ 'ಜೀವಮಾನ'ದ ಭರವಸೆ ಇದ್ದವೂ ಇದ್ದವು. ಅಷ್ಟು ದೊಡ್ಡವರದೇ ಈ ಕಥೆ ಆದರೆ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲದವರ ಮಾತನ್ನು ಎಲ್ಲಿಗೆ ಅಂತ ನಂಬುವುದು?

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳೋಣ ಅನ್ನುವವರಿಗೆ ಇನ್ನೊಂದು ಗುಂಡಿ ಇದೆ. ಜಿಪಿಎಸ್ ಉಪಗ್ರಹಗಳು ತಮ್ಮ ಹಳೆಯ ಸಂಕೇತದಲ್ಲಿ ವಾರಗಳನ್ನು 1024ರ ತನಕ ಮಾತ್ರ ಎಣಿಸುತ್ತವೆ, ಆಮೇಲೆ ಮತ್ತೆ ಸೊನ್ನೆಯಿಂದ ಶುರು. ಸುಮಾರು ಹತ್ತೊಂಬತ್ತೂವರೆ ವರ್ಷಕ್ಕೊಮ್ಮೆ ಹೀಗಾಗುತ್ತದೆ. ಕಳೆದ ಸಲ ಆದದ್ದು 2019ರ ಏಪ್ರಿಲ್ 6ರಂದು. ಅದಕ್ಕೆ ತಯಾರಿಲ್ಲದ, ಅಪ್‌ಡೇಟ್ ಕಾಣದ ಹಳೆಯ ಡಬ್ಬಿಗಳು ಇವತ್ತಿನ ತಾರೀಖನ್ನೇ ಎರಡು ದಶಕ ಹಿಂದೆ ತೋರಿಸಬಹುದು. ತಾರೀಖು ತಪ್ಪಿದರೆ ತಲುಪುವ ಸಮಯ ಹೇಳುವುದೂ ಎಡವಟ್ಟು. ಅಗ್ಗಕ್ಕೆ ಸಿಕ್ಕಿತು ಅಂತ ತಂದು ಆಮೇಲೆ ಅದಕ್ಕೆ ಪಂಚಾಂಗ ಕಲಿಸುತ್ತಾ ಕೂರಬೇಕು!

ಇದೆಲ್ಲ ಓದಿ ಹೇಳುತ್ತಿಲ್ಲ, ಅನುಭವಿಸಿಯೇ ಹೇಳುತ್ತಿದ್ದೇನೆ. 2012ರಲ್ಲಿ ಮಾವನವರಿಗೆ ಅಂಥದೊಂದು ಡಬ್ಬಿ ಕೊಡಿಸಿದ್ದು ನಾನೇ. ಕಂಪನಿ ಹೆಸರು ಬೇಡ. ಒಂಬತ್ತು ಸಾವಿರ ಕೊಟ್ಟಿದ್ದೆ, ಆಗಿನ ಒಂಬತ್ತು ಸಾವಿರ. ಎರಡು ವರ್ಷ ಮ್ಯಾಪ್ ಬಂತು, ಆಮೇಲೆ ಅವರ ಫೋನ್ ನಂಬರ್ರೇ ಎತ್ತಲಿಲ್ಲ. ಮಾವನವರು ಒಳ್ಳೆಯವರು. ಸೊಸೆ ಕೊಟ್ಟದ್ದು ಅಂತ ಕಾರಿನಿಂದ ತೆಗೆಯಲೂ ಇಲ್ಲ. 2023ರಲ್ಲಿ ಬೆಂಗಳೂರು-ಮೈಸೂರಿನ ಹೊಸ ಹೆದ್ದಾರಿಯಲ್ಲಿ ಅವರ ಜೊತೆ ಹೋಗುತ್ತಿದ್ದೆ. ಆ ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವ ಊರನ್ನೂ ಹೊಗದೆ ಬದಿಯಿಂದ ಹೋಗುತ್ತದಲ್ಲ, ಡಬ್ಬಿಗೆ ಅದರ ಸುದ್ದಿಯೇ ಇಲ್ಲ. ಅದರ ಪ್ರಕಾರ ನಮ್ಮ ಕಾರು ಕಬ್ಬಿನ ಗದ್ದೆಯಲ್ಲಿ ಓಡುತ್ತಿತ್ತು. "ಮೇಕ್ ಎ ಯು ಟರ್ನ್, ಮೇಕ್ ಎ ಯು ಟರ್ನ್" ಅಂತ ಮಂಡ್ಯದವರೆಗೂ ಬೈದುಕೊಂಡೇ ಬಂತು. ಮಾವನವರು ನಕ್ಕು, "ಇರಲಿ ಬಿಡಮ್ಮ, ಪಾಪ, ಅದಕ್ಕೂ ವಯಸ್ಸಾಯ್ತು" ಅಂದರು. ನನಗೆ ನಗು ಬರಲಿಲ್ಲ. ಹನ್ನೊಂದು ವರ್ಷ ಆ ಮನುಷ್ಯ ನನ್ನ ಉಡುಗೊರೆಯನ್ನು ಸಹಿಸಿಕೊಂಡಿದ್ದರು ಅಂತ ಅವತ್ತು ಗೊತ್ತಾಯಿತು.

ಅದಕ್ಕೇ ಹೇಳುವುದು. ಡಬ್ಬಿ ಕೊಡುವವರಿಗೆ ಸುಲಭ. ಬಣ್ಣದ ಕಾಗದ ಸುತ್ತಬಹುದು, ರಿಬ್ಬನ್ ಕಟ್ಟಬಹುದು, ಫೋಟೋ ತೆಗೆಯಬಹುದು. ಆಮೇಲಿನ ಪಾಡು ತೆಗೆದುಕೊಂಡವರದ್ದು. ಅದಕ್ಕೆ ಕಂಪ್ಯೂಟರ್ ಬೇಕು, ಕೇಬಲ್ ಬೇಕು, ಪಾಸ್‌ವರ್ಡ್ ಬೇಕು, ಅಪ್‌ಡೇಟ್ ಮಾಡಿಕೊಡುವ ಮಗನೋ ಮಗಳೋ ಪಕ್ಕದಲ್ಲಿರಬೇಕು. ಪಕ್ಕದಲ್ಲಿಲ್ಲದವರೇ ಡಬ್ಬಿ ಕಳಿಸುವುದು, ಅದೇ ತಮಾಷೆ. (ತಮ್ಮಾ, ಇದನ್ನು ಓದುತ್ತೀಯ ಅಂತ ಗೊತ್ತು. ಸಿಟ್ಟು ಮಾಡಿಕೊಳ್ಳಬೇಡ. ಈ ಸಾಲಿನಲ್ಲಿ ನಾನೂ ನಿಂತಿದ್ದೇನೆ.)

ಸರಿ, ಈಗ ತಂಗಿಯ ಪಕ್ಷ. "ಫೋನಿದೆಯಲ್ಲ!"

ಅಪ್ಪನ ಫೋನು ಒಂದು ಸಂತೆ. ಸೊಸೈಟಿಯವರ ಕರೆ, ಅಡಿಕೆ ಧಾರಣೆಯ ಮೆಸೇಜು, ದೇವಸ್ಥಾನ ಕಮಿಟಿಯ ಗ್ರೂಪು, ಬೆಳಿಗ್ಗೆ ಎದ್ದರೆ ನಲವತ್ತು ಶುಭೋದಯದ ಹೂವು. ತಿರುವು ಬರುವ ಹೊತ್ತಿಗೆ ಸರಿಯಾಗಿ ಯಾರೋ ಫೋನ್ ಮಾಡಿದರೆ ಗಮನ ಅತ್ತ ಹೋಗುತ್ತದೆ. ತಿರುವು ತಪ್ಪುವುದಕ್ಕೆ ಇನ್ನೇನು ಬೇಕು?

ಇನ್ನು ಅವರು ಅದನ್ನು ಇಟ್ಟುಕೊಳ್ಳುವುದು ಎಲ್ಲಿ? ಅಂಗಿಯ ಜೇಬಿನಲ್ಲಿ, ಇಲ್ಲದಿದ್ದರೆ ತೊಡೆಯ ಮೇಲೆ. ತೊಡೆ ನೋಡಿಕೊಂಡು ಘಾಟಿ ಇಳಿಯುವುದೇ? 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಚಾಲಕನ ಗಮನ ಕೆಡದ ಹಾಗೆ. ತೊಡೆಯ ಮೇಲಿಟ್ಟುಕೊಂಡರೆ ಗಮನ ಕೆಡದೆ ಇರುವುದು ಹೇಗೆ? ನಿಯಮ ಹಾಗಿರಲಿ, ಒಂದು ಸಲ ತಲೆ ತಗ್ಗಿಸಿ ಎತ್ತುವಷ್ಟರಲ್ಲಿ ಎದುರಿಗೆ ಬಸ್ಸಿನ ಮುಖ ಇರುತ್ತದೆ.

ಆಮೇಲೆ ನೆಟ್‌ವರ್ಕು. ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಅಪ್ಪನ ಫೋನು ಬರೀ ಗಡಿಯಾರ. ಮನೆ ಕಡೆಯ ಅರ್ಧ ದಾರಿಯಲ್ಲೂ ಅದೇ ಕಥೆ. ಇಲ್ಲೊಂದು ವಿಷಯವನ್ನು ಸ್ಪಷ್ಟ ಮಾಡಿಬಿಡುತ್ತೇನೆ, ಯಾಕೆಂದರೆ ಕಂಪ್ಯೂಟರ್ ಅರೆದು ಕುಡಿದ ಗೆಳೆಯರೂ ಇದರಲ್ಲಿ ಎಡವುವುದನ್ನು ನೋಡಿದ್ದೇನೆ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ಸಿಮ್ಮೂ ಬೇಡ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಆಕಾಶವಾಣಿಯ ಹಾಗೆ ಸುಮ್ಮನೆ ಹೇಳಿಕೊಂಡು ಹೋಗುತ್ತಿರುತ್ತವೆ. ಫೋನು ಬರೀ ಕೇಳಿಸಿಕೊಳ್ಳುತ್ತದೆ, ತಿರುಗಿ ಏನನ್ನೂ ಹೇಳುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕಿವಿಗೆ ಬಿದ್ದರೆ ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಇಂಟರ್ನೆಟ್ ಬೇಕಾಗುವುದು ಮ್ಯಾಪಿನ ಚಿತ್ರ ತರಿಸಲು, ದಾರಿ ಹುಡುಕಿಸಲು, ಟ್ರಾಫಿಕ್ ನೋಡಲು. ಮ್ಯಾಪನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ಟ್ರಾಫಿಕ್ ಒಂದು ಬಿಟ್ಟು ಮುಖ್ಯವಾದದ್ದೆಲ್ಲ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ.

ಈಗ ನಿಮಗೂ ಹೊಳೆದಿರಬಹುದು. ನನಗೆ ಹೊಳೆಯಲು ಎರಡು ದಿನ ಬೇಕಾಯಿತು.

ನಮ್ಮ ಮನೆಯ ಕಪಾಟಿನಲ್ಲಿ ನನ್ನ ಹಳೆಯ ಫೋನು ಇತ್ತು. ನಾಲ್ಕು ವರ್ಷದ್ದು. ಪರದೆ ಸರಿಯಿದೆ, ಬ್ಯಾಟರಿ ಮಾತ್ರ ಮುದುಕಾಗಿತ್ತು. ಎಕ್ಸ್‌ಚೇಂಜಿಗೆ ಕೇಳಿದರೆ ನಗುವಷ್ಟು ಕಡಿಮೆ ಹೇಳುತ್ತಾರೆ ಅಂತ ಸುಮ್ಮನೆ ಬಿದ್ದಿತ್ತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇರುತ್ತದೆ, ಇಲ್ಲ ಅನ್ನಬೇಡಿ. ಅದನ್ನೇ ಅಪ್ಪನ ಡಬ್ಬಿ ಮಾಡಿದೆ. ಲೆಕ್ಕ ಕೊಡುತ್ತೇನೆ, ಇವು ನಾನು ಕೊಟ್ಟ ದುಡ್ಡು, ನಿಮ್ಮೂರಿನಲ್ಲಿ ಹೆಚ್ಚು ಕಮ್ಮಿ ಇರಬಹುದು.

ಹೊಸ ಬ್ಯಾಟರಿ, ಹಾಕುವ ಕೂಲಿ ಸೇರಿ 1,500. ಎಸಿ ಕಿಂಡಿಗೆ ಕಚ್ಚಿಸುವ ಗಟ್ಟಿ ಹೋಲ್ಡರು 750. ಕಾರಿನ ಸಾಕೆಟ್ಟಿಗೆ ಹಾಕುವ ಚಾರ್ಜರು 600. ಕೇಬಲ್ಲು 250. ಒಟ್ಟು 3,100. ಮಿಕ್ಕ 2,900 ಎಲ್ಲಿಗೆ ಹೋಯಿತು ಅಂತ ಕೊನೆಯಲ್ಲಿ ಹೇಳುತ್ತೇನೆ, ಅದೇ ಮುಖ್ಯ.

ಹೋಲ್ಡರಿನಲ್ಲಿ ಜಿಪುಣತನ ಮಾಡಬೇಡಿ. ಗಾಜಿಗೆ ರಬ್ಬರಿನಿಂದ ಅಂಟಿಸುವುದು ಬಿಸಿಲಿಗೆ ಜಾರಿ ಘಾಟಿ ಮಧ್ಯದಲ್ಲಿ ಕಾಲ ಹತ್ತಿರ ಬೀಳುತ್ತದೆ, ಬ್ರೇಕಿನ ಅಡಿಗೆ ಹೋದರೆ ದೇವರೇ ಗತಿ. ಅಲ್ಲದೆ ಗಾಜಿನ ಮೇಲೆ ಇಟ್ಟಷ್ಟೂ ರಸ್ತೆ ಮರೆಯಾಗುತ್ತದೆ. ಎಸಿ ಕಿಂಡಿಯ ಹತ್ತಿರ ಇದ್ದರೆ ಫೋನೂ ತಣ್ಣಗಿರುತ್ತದೆ. ಇಳಿದು ಹೋಗುವಾಗ ಮಾತ್ರ ಅದನ್ನು ತೆಗೆದುಕೊಂಡೇ ಹೋಗಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬ್ಯಾಟರಿ ಊದಿಕೊಳ್ಳುತ್ತದೆ.

ಫೋನಿನೊಳಗಿದ್ದದ್ದೆಲ್ಲ ಅಳಿಸಿದೆ. ಸಿಮ್ ಇಲ್ಲ, ಕರೆ ಇಲ್ಲ, ಗ್ರೂಪಿಲ್ಲ, ಹೂವಿಲ್ಲ. ಪರದೆಯ ಮೇಲೆ ಎರಡೇ ಎರಡು ಚಿತ್ರ. ಒಂದು ಗೂಗಲ್ ಮ್ಯಾಪು, ಇನ್ನೊಂದು ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಆರ್ಗಾನಿಕ್ ಮ್ಯಾಪ್ಸು. ಎರಡರಲ್ಲೂ ನಮ್ಮ ಕಡೆಯ ಭಾಗವನ್ನು ಇಳಿಸಿಟ್ಟೆ. ಮನೆ, ಆಸ್ಪತ್ರೆ, ತಂಗಿಯ ಮನೆ, ಸೋದರತ್ತೆಯ ಮನೆ, ನಂಬಬಹುದಾದ ಎರಡು ಪೆಟ್ರೋಲ್ ಬಂಕು ಗುರುತು ಹಾಕಿಟ್ಟೆ. ಇಳಿಸಿಟ್ಟ ಮ್ಯಾಪನ್ನು ಆಗಾಗ ವೈಫೈಗೆ ತೋರಿಸಿ ಹೊಸದು ಮಾಡಿಸಬೇಕು, ಇಲ್ಲದಿದ್ದರೆ ಇದೂ ಮಾವನವರ ಡಬ್ಬಿಯೇ ಆಗುತ್ತದೆ. ಆ ಕೆಲಸ ತಂಗಿಗೆ ವಹಿಸಿದ್ದೇವೆ, ಶಿವಮೊಗ್ಗದಿಂದ ತಿಂಗಳಿಗೊಮ್ಮೆ ಹೇಗೂ ಬರುತ್ತಾಳೆ.

ಈಗ ಭಾಷೆಯ ವಿಷಯ. ಇದಕ್ಕಾಗಿಯೇ ನಾನು ತಮ್ಮನ ಜೊತೆ ನಿಜವಾಗಿ ಜಗಳವಾಡಿದ್ದು. "ಅಪ್ಪನಿಗೆ ಇಂಗ್ಲಿಷ್ ಬರುತ್ತಲ್ಲ ಅಕ್ಕ" ಅಂದ. ಬರುತ್ತದೆ. ಸೊಸೈಟಿಯ ಲೆಕ್ಕಪತ್ರವನ್ನೆಲ್ಲ ಇಂಗ್ಲಿಷಿನಲ್ಲೇ ಬರೆದವರು. ಆದರೆ ಮಳೆಯಲ್ಲಿ, ಕತ್ತಲಲ್ಲಿ, ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆಯುವಾಗ, 'ಬೇರ್ ಲೆಫ್ಟ್' ಅಂದರೆ ಎಡಕ್ಕೆ ತಿರುಗುವುದೋ ಎಡಕ್ಕೆ ಸರಿಯುವುದೋ ಅಂತ ಯೋಚಿಸಲು ಎಪ್ಪತ್ತರ ಮನುಷ್ಯನಿಗೆ ಸಮಯ ಎಲ್ಲಿದೆ? 'ಎಡಕ್ಕೆ' ಅಂದರೆ ಕೈ ತಾನೇ ಹೋಗುತ್ತದೆ. ಗೂಗಲ್ ಮ್ಯಾಪಿನಲ್ಲಿ 2018ರಿಂದ ಕನ್ನಡದ ದನಿ ಇದೆ. ಎಷ್ಟು ಜನ ಹಾಕಿಕೊಂಡಿದ್ದೇವೆ? ಕೈ ಎತ್ತಿ ನೋಡೋಣ! ಕನ್ನಡದಲ್ಲಿ ಇದಿಲ್ಲ ಅದಿಲ್ಲ ಅಂತ ವರ್ಷಗಟ್ಟಲೆ ಗೋಳಾಡಿದವರು ನಾವು. ಇದ್ದದ್ದನ್ನು ಹಾಕಿಕೊಳ್ಳಲು ಮಾತ್ರ ನಮಗೆ ನಾಚಿಕೆ. ಇನ್ನೊಂದು ಸೂಚನೆ: ಕನ್ನಡದ ದನಿಯನ್ನೂ ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಮನೆಯಲ್ಲೇ ವೈಫೈ ಆಫ್ ಮಾಡಿ ಒಂದು ಸುತ್ತು ಹಾಕಿ, ಮಾತಾಡುತ್ತದೋ ಮೂಕಾಗುತ್ತದೋ ಪರೀಕ್ಷೆ ಮಾಡಿ. ಘಾಟಿಯಲ್ಲಿ ಮೂಕಾದರೆ ಕಷ್ಟ.

ಆ ದನಿ ಪರಿಪೂರ್ಣ ಅಂತ ಹೇಳುತ್ತಿಲ್ಲ. ಊರ ಹೆಸರುಗಳನ್ನು ಕೊಲ್ಲುತ್ತದೆ, ಕೇಳಿ ಅಮ್ಮ ಬಿದ್ದು ಬಿದ್ದು ನಕ್ಕರು. ಆದರೆ ಇದರಲ್ಲಿ ನಮ್ಮ ಪಾಲೂ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದದ್ದು, ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತಿದ್ದಬಹುದು. ಪ್ರತಿ ಊರಿಗೂ ಕನ್ನಡದ ಹೆಸರು ಬರೆಯಲು ಅಲ್ಲಿ ಪ್ರತ್ಯೇಕ ಜಾಗವಿದೆ. ನಮ್ಮೂರಿನ ಸುತ್ತ ನೋಡಿದೆ, ಎಷ್ಟೋ ಊರುಗಳ ಆ ಜಾಗ ಖಾಲಿ. ಯೂನಿಕೋಡ್ ಬಂದ ಹೊಸದರಲ್ಲಿ ಒಂದು ಅರ್ಕಾವತ್ತಿಗೆ ಒಂದು ರಾತ್ರಿ ಗುದ್ದಾಡಿದವರು ನಾವು, ನಮ್ಮ ನಮ್ಮ ಊರಿನ ಹತ್ತು ಹೆಸರು ತುಂಬಿಸಲು ಅರ್ಧ ಗಂಟೆ ಸಿಗುವುದಿಲ್ಲವೇ? ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲಿ ಇಸ್ರೋದವರು 2013ರಲ್ಲೇ ನಮ್ಮ ದೇಶದ ಪಥದರ್ಶಕ ಉಪಗ್ರಹಗಳಿಗೆಂದು ಕೇಂದ್ರ ತೆರೆದರು. ದಾರಿ ಹೇಳುವ ವಿದ್ಯೆ ನಮ್ಮ ಹಳ್ಳಿಯ ತನಕ ಬಂದಿದೆ, ಹಳ್ಳಿಯ ಹೆಸರು ಮಾತ್ರ ಮ್ಯಾಪಿನಲ್ಲಿ ಕನ್ನಡದಲ್ಲಿಲ್ಲ.

ಇನ್ನು ಎಲ್ಲಕ್ಕಿಂತ ಭಾರದ ಮಾತು. ಡಬ್ಬಿಯಾಗಲಿ ಫೋನಾಗಲಿ, ಅದು ರಸ್ತೆಯನ್ನು ನೋಡುವುದಿಲ್ಲ. ಮ್ಯಾಪನ್ನು ಮಾತ್ರ ನೋಡುತ್ತದೆ. 2023ರ ಅಕ್ಟೋಬರ್ 1ರ ಮುಂಜಾವಿಗೆ ಮುನ್ನ, ಜೋರು ಮಳೆಯಲ್ಲಿ, ಕೇರಳದ ಗೋತುರುತ್ತಿನ ಬಳಿ ಒಂದು ಕಾರು ಪೆರಿಯಾರ್ ನದಿಗೆ ಬಿತ್ತು. ಇಬ್ಬರು ಯುವ ವೈದ್ಯರು ತೀರಿಕೊಂಡರು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಕಡೆ ರಾಮಗಂಗಾ ನದಿಯ ಮೇಲಿನ ಅರೆಬರೆ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಎರಡು ಕಡೆಯೂ ಮ್ಯಾಪ್ ನೋಡಿಕೊಂಡು ಹೋಗುತ್ತಿದ್ದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ತಪ್ಪು ಮ್ಯಾಪಿನದೋ, ತಡೆ ಹಾಕದವರದೋ, ಮಳೆಯದೋ, ಆ ಲೆಕ್ಕವನ್ನು ಇಲ್ಲಿ ಕೂತು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿ ಮಡಿಕೇರಿ-ಸಂಪಾಜೆ ರಸ್ತೆ ಅಲ್ಲಲ್ಲಿ ಕೊಚ್ಚಿಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಅವತ್ತು ಯಾವ ಡಬ್ಬಿಯೊಳಗೂ ಆ ರಸ್ತೆ ಹಾಗೇ ಇತ್ತು, ಒಂದು ಬಿರುಕೂ ಇಲ್ಲದೆ.

ಈ ಬುದ್ಧಿವಂತಿಕೆಯನ್ನು ಯಾವ ಪೆಟ್ಟಿಗೆಯಲ್ಲೂ ಹಾಕಿ ಮಾರುವುದಿಲ್ಲ. ಪಕ್ಕದಲ್ಲಿ ಕೂತೇ ಹೇಳಬೇಕು. ಮಿಕ್ಕ 2,900 ಹೋದದ್ದು ಇಲ್ಲಿಗೆ. ಎರಡು ದಿನದ ಪೆಟ್ರೋಲು, ದಾರಿಯಲ್ಲಿ ಊಟ, ಒಂದು ಕಾಗದದ ರಸ್ತೆ ನಕ್ಷೆ. (ನಗಬೇಡಿ. ಕಾಗದಕ್ಕೆ ಬ್ಯಾಟರಿ ಬೇಡ.)

ಶಾಂತಿ ಮುಗಿದ ಮಾರನೆಯ ದಿನ ಅಪ್ಪ, ಅಮ್ಮ, ನಾನು ಹೊರಟೆವು. ಹೊರಡುವ ಮೊದಲೇ ಅಪ್ಪನಿಗೆ ಅಸಮಾಧಾನ. "ಎಂತದು ಮಾರಾಯ್ತಿ, ಇನ್ನೂ ಆನ್ ಆಗ್ಲಿಲ್ಲ?" ಸಿಮ್ ಇಲ್ಲದ ಫೋನು ಬಹಳ ದಿನದ ಮೇಲೆ ಎದ್ದರೆ ತಾನೆಲ್ಲಿದ್ದೇನೆ ಅಂತ ಉಪಗ್ರಹಗಳಿಂದಲೇ ಕೇಳಿ ತಿಳಿದುಕೊಳ್ಳಬೇಕು. ಅವು ಸೆಕೆಂಡಿಗೆ 50 ಬಿಟ್ಟಿನ ವೇಗದಲ್ಲಿ, ನಮ್ಮ ಹಳೆಯ ಡಯಲಪ್ಪಿಗಿಂತಲೂ ಎಷ್ಟೋ ಪಟ್ಟು ನಿಧಾನವಾಗಿ ಹೇಳುತ್ತವೆ. ಒಂದು ಉಪಗ್ರಹ ತನ್ನ ಜಾಗ ಹೇಳಿ ಮುಗಿಸಲೇ ಅರ್ಧ ನಿಮಿಷ ಬೇಕು. ಹಾಗಾಗಿ ಅಂಗಳದಲ್ಲಿ, ಆಕಾಶ ಕಾಣುವ ಕಡೆ, ಕವಳ ಹಾಕಿಕೊಳ್ಳುವಷ್ಟು ಹೊತ್ತು ನಿಲ್ಲಿಸಿ ಆಮೇಲೆ ಹೊರಡಬೇಕು ಅಂದೆ. ಕವಳದ ಅಳತೆ ಅಪ್ಪನಿಗೆ ತಕ್ಷಣ ಒಪ್ಪಿಗೆಯಾಯಿತು.

ಘಾಟಿಯ ತನಕ ಅದರ ಮಾತು ಕೇಳಲೇ ಇಲ್ಲ, "ಇದು ನಂಗೆ ಕಲಿಸ್ತದಾ?" ಅಂತ. ಕೇಳಬೇಕಾಗಿಯೂ ಇರಲಿಲ್ಲ. ಮಣಿಪಾಲ ಹತ್ತಿರ ಬಂದಾಗ ಕೇಳಿದರು. ಆಸ್ಪತ್ರೆಯ ಗೇಟಿಗೆ ಹೋಗಿ ನಿಂತರು. ವಾಪಸ್ ಬರುವಾಗ ಬೇಕೆಂದೇ ಸಂಜೆ ಮಾಡಿಕೊಂಡು ಹೊರಟೆವು. ಹಿರಿಯಡಕದಲ್ಲಿ ಅದು ಸರಿಯಾದ ದಾರಿ ಹೇಳಿತು, ಅಪ್ಪ ಹಿಡಿದರು. ಯಾರೂ ಮಾತಾಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಮ್ಮ "ಇದೇ ಅಲ್ವನಾ ಅವತ್ತು ತಪ್ಪಿದ್ದು" ಅಂದರು. ಅಪ್ಪ "ಹ್ಞೂಂ" ಅಂದರು.

ಎರಡನೇ ದಿನ ನಾನು ಬೇಕೆಂದೇ ಗೊತ್ತಿಲ್ಲದ ಒಂದು ವಿಳಾಸ ಹಾಕಿದೆ. ಅದು ಹತ್ತಿರದ ದಾರಿ ಅಂತ ಒಂದು ಎಸ್ಟೇಟಿನ ಕಚ್ಚಾ ರಸ್ತೆಗೆ ತಿರುಗಿಸಲು ಹೇಳಿತು. ಅಪ್ಪ ಗಾಡಿ ನಿಲ್ಲಿಸಿದರು. ನೋಡಿದರು. "ಇಲ್ಲಿ ಚಕ್ರದ ಗುರುತೇ ಇಲ್ಲ. ಟಾರು ಬಿಟ್ಟು ಇಳೀಲಿಕ್ಕೆ ಹೇಳಿದ್ರೆ ನಾನು ಇಳಿಯೋದಿಲ್ಲ, ಯಾರನ್ನಾದ್ರೂ ಕೇಳ್ತೇನೆ" ಅಂದರು. ನಾನು ಕಲಿಸಬೇಕೆಂದಿದ್ದದ್ದು ಇದೊಂದೇ ಪಾಠ. ಅವರೇ ಹೇಳಿ ಮುಗಿಸಿದರು.

ಹೋದ ವಾರ ಇಬ್ಬರೇ ಮಣಿಪಾಲಕ್ಕೆ ಹೋಗಿ ಬಂದರು. ಅಮ್ಮನ ಒಂದು ಕಣ್ಣಿನ ಒತ್ತಡ ಹೆಚ್ಚಾಗಿದೆಯಂತೆ, ಔಷಧಿ ಬದಲಿಸಿದ್ದಾರೆ. ಸರಿಯಾದ ಹೊತ್ತಿಗೆ ಬಂದಿರಿ ಅಂದರಂತೆ ಡಾಕ್ಟರು. ಇನ್ನೊಂದು ಮೂರು ತಿಂಗಳು ಹೋಗದೇ ಇದ್ದಿದ್ದರೆ ಅನ್ನುವ ಯೋಚನೆ ನನಗೆ ರಾತ್ರಿ ಬರುತ್ತದೆ, ತಮ್ಮನಿಗೂ ಬರುತ್ತದಂತೆ.

ಅದಕ್ಕೇ ಇಷ್ಟು ಉದ್ದ ಕೊರೆದದ್ದು. ಅಪ್ಪನಿಗೋ ಅತ್ತೆಗೋ ಭಾವನಿಗೋ ದಾರಿ ಹೇಳುವ ಯಂತ್ರ ಕೊಡಬೇಕೆಂದಿದ್ದರೆ, ಯಾವ ಡಬ್ಬಿ ಒಳ್ಳೆಯದು ಅಂತ ಕೇಳುವ ಮೊದಲು ಅವರು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಎಲ್ಲಿ ತಪ್ಪುತ್ತಾರೆ ಅಂತ ಕೇಳಿ. ಯಾವ ಭಾಷೆಯಲ್ಲಿ ಹೇಳಿದರೆ ಕೈ ತಾನೇ ತಿರುಗುತ್ತದೆ ಅಂತ ಕೇಳಿ. ದುಡ್ಡು ಕಡಿಮೆ ಇದ್ದರೆ ಒಳ್ಳೆಯದೇ ಆಯಿತು, ಅರ್ಧ ದುಡ್ಡನ್ನು ಪೆಟ್ರೋಲಿಗೆ ಹಾಕಿ ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಕೂರಲು ಸಮಯವೇ ಇಲ್ಲದಿದ್ದರೆ ಡಬ್ಬಿ ಬೇಡ, ಪಂಚೆ ಶಲ್ಯವೇ ಕೊಡಿ. ಅದು ಯು ಟರ್ನ್ ಹೊಡಿ ಅಂತ ಬೈಯುವುದಿಲ್ಲ :-)

ತಮ್ಮ ಇನ್ನೂ ಒಪ್ಪಿಲ್ಲ. "ಹಳೇ ಫೋನ್ ಕೊಟ್ಟು ಗಿಫ್ಟ್ ಅಂತೀಯಲ್ಲ ಅಕ್ಕಾ" ಅಂತ ಆಡಿಕೊಳ್ಳುತ್ತಾನೆ. ಡಿಸೆಂಬರಿಗೆ ಬರುತ್ತಾನೆ. ಪಕ್ಕದ ಸೀಟನ್ನು ಅವನಿಗೆ ಬಿಟ್ಟುಕೊಟ್ಟು ನಾನು ಹಿಂದೆ ಕೂರುವುದೆಂದು ಮಾತಾಗಿದೆ.

ನೀವೇನಂತೀರಿ? ಡಬ್ಬಿ ಕೊಟ್ಟು ನಿಜಕ್ಕೂ ಚೆನ್ನಾಗಿ ನಡೆದವರು ಇದ್ದರೆ ಹೇಳಿ, ಜಗಳಕ್ಕೆ ನಾನು ತಯಾರು.